ಮೊಬೈಲ್ ಸಂಖ್ಯೆಗೆ ವಿರಾಮ ಸೇರಿಸುವ ಕ್ರಮ: ಪಂಪ್‌ಸೆಟ್ ರೈತರು ತಿಳಿದಿರಬೇಕಾದ ವಿಷಯ

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಬೇಸಾಯಕ್ಕೆ ಮುಖ್ಯವಾಗಿ ಮೂರು ಮೂಲಗಳಿಂದ ನೀರು ದೊರೆಯುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಯ ನೀರು ಭತ್ತದ ಗದ್ದೆಗಳನ್ನು ತಲುಪುತ್ತದೆ. ಹರಿಹರದ ಬಳಿ ತುಂಗಭದ್ರಾ ನದಿಯ ದಂಡೆಯ ಜಮೀನುಗಳಿಗೆ ಪಂಪ್‌ಸೆಟ್‌ಗಳು ನೀರೆತ್ತುತ್ತವೆ. ನಾಲೆಯ ನೀರು ಸರಿಯಾಗಿ ತಲುಪದ ಕಡೆಗಳಲ್ಲಿ ಅಡಿಕೆ ತೋಟ, ಎಲೆಬಳ್ಳಿ ತೋಟಗಳಿಗೆ ಬೋರ್‌ವೆಲ್ಲೇ ಆಧಾರ. ನದಿಯ ಪಂಪ್‌ಸೆಟ್ ಆಗಲಿ, ಬೋರ್‌ವೆಲ್ ಆಗಲಿ ಕರೆಂಟನ್ನು ಅವಲಂಬಿಸಿವೆ. ಮೂರು ಫೇಸಿನ ಕರೆಂಟು ದಿನದಲ್ಲಿ ಕೆಲವು ಗಂಟೆ ಮಾತ್ರ, ಅದೂ ಪಾಳಿಯ ಪ್ರಕಾರ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ರೈತನು ಕತ್ತಲೆಯಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟಾರ್ ಹಾಕಬೇಕಾಗುತ್ತದೆ. ಹಾವು, ಹುಳ, ಒದ್ದೆ ನೆಲ, ಹಳೆಯ ವೈರು ಇವೆಲ್ಲವೂ ಆ ದಾರಿಯಲ್ಲಿಯೇ ಇರುತ್ತವೆ.

ಈ ತೊಂದರೆಯನ್ನು ತಪ್ಪಿಸಲು ಮೊಬೈಲ್ ಸ್ಟಾರ್ಟರ್ ಬಳಕೆಗೆ ಬಂದಿದೆ. ಮನೆಯಿಂದಲೇ ಅದಕ್ಕೆ ಫೋನ್ ಮಾಡಿ, ಅದು ಹೇಳುವುದನ್ನು ಕೇಳಿ, ಸೂಚಿಸಿದ ಗುಂಡಿಯನ್ನು ಒತ್ತಿದರೆ ಮೋಟಾರ್ ಓಡುತ್ತದೆ ಅಥವಾ ನಿಲ್ಲುತ್ತದೆ. ಆದರೆ ಪ್ರತಿ ಸಲವೂ ಫೋನ್ ಮಾಡಿ, ಕಾದು, ಗುಂಡಿ ಒತ್ತುವುದು ಕೆಲವರಿಗೆ ಕಷ್ಟ. ಓದು ಬರದ ಹಿರಿಯರು ಮನೆಯಲ್ಲಿರಬಹುದು. ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ತಂದ ರೈತನು ತೂಕದ ಗದ್ದಲದಲ್ಲಿ ನಿಂತಿರಬಹುದು. ಇಂತಹವರ ಅನುಕೂಲಕ್ಕೆ ಫೋನಿನಲ್ಲಿಯೇ ಒಂದು ಸೌಲಭ್ಯವಿದೆ. ಉಳಿಸಿಟ್ಟ ಸಂಖ್ಯೆಯ ಮುಂದೆ ವಿರಾಮ ಚಿಹ್ನೆಯನ್ನೂ ಒತ್ತಬೇಕಾದ ಅಂಕಿಯನ್ನೂ ಸೇರಿಸಿಟ್ಟರೆ, ಕರೆ ಸೇರಿದ ಮೇಲೆ ಫೋನೇ ಆ ಅಂಕಿಯನ್ನು ಒತ್ತುತ್ತದೆ.

ಈ ಸೌಲಭ್ಯಕ್ಕೆ ಖರ್ಚಿಲ್ಲ, ಬೇರೆ ಆ್ಯಪ್ ಕೂಡ ಬೇಕಿಲ್ಲ. ಆದರೆ ಇದನ್ನು ಬಳಸುವ ಕ್ರಮ ತಿಳಿದರೆ ಸಾಲದು. ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನೂ ತಿಳಿಯಬೇಕು. ಏಕೆಂದರೆ ಫೋನಿನ ಆ ತುದಿಯಲ್ಲಿರುವುದು ಮೋಟಾರ್. ಮೋಟಾರಿನ ಹತ್ತಿರ ಮನುಷ್ಯನಿರಬಹುದು.

ಗುಂಡಿ ಒತ್ತಿದಾಗ ಆಗುವುದೇನು?

ಹಳೆಯ ಕಾಲದ ತಿರುಗುಚಕ್ರದ ಟೆಲಿಫೋನಿನಲ್ಲಿ ಅಂಕಿಗಳು ವಿದ್ಯುತ್ತಿನ ಮಿಡಿತಗಳಾಗಿ ಹೋಗುತ್ತಿದ್ದವು. ಒಂದಕ್ಕೆ ಒಂದು ಮಿಡಿತ, ಐದಕ್ಕೆ ಐದು ಮಿಡಿತ. 1963ರ ನವೆಂಬರ್‌ನಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯು ಗುಂಡಿ ಒತ್ತುವ ಟೆಲಿಫೋನನ್ನು ಸಾರ್ವಜನಿಕರಿಗೆ ಒದಗಿಸಿತು. ಅದರಲ್ಲಿ ಪ್ರತಿ ಗುಂಡಿಗೂ ಎರಡು ದನಿಗಳು ಒಟ್ಟಿಗೆ ಹೊರಡುತ್ತವೆ. ಅಡ್ಡ ಸಾಲಿಗೆ ಒಂದು ದನಿ, ಉದ್ದ ಸಾಲಿಗೆ ಒಂದು ದನಿ. ಉದಾಹರಣೆಗೆ 1 ಒತ್ತಿದಾಗ 697 ಮತ್ತು 1209 ಹರ್ಟ್ಸ್‌ನ ಎರಡು ದನಿಗಳೂ, 0 ಒತ್ತಿದಾಗ 941 ಮತ್ತು 1336 ಹರ್ಟ್ಸ್‌ನ ಎರಡು ದನಿಗಳೂ ಕೂಡಿ ಬರುತ್ತವೆ. ಮನುಷ್ಯನ ಮಾತಿನಲ್ಲಿ ಇಂತಹ ಜೋಡಿ ಸ್ವರ ಸಾಮಾನ್ಯವಾಗಿ ಬರುವುದಿಲ್ಲ. ಆದುದರಿಂದ ಆ ತುದಿಯ ಯಂತ್ರವು ಇದು ಮಾತಲ್ಲ, ಅಂಕಿ ಎಂದು ಗುರುತಿಸುತ್ತದೆ.

ಇಂದಿನ ಮೊಬೈಲ್ ಜಾಲಗಳಲ್ಲಿ ಅಂಕಿಯನ್ನು ಸಾಗಿಸುವ ವಿಧಾನ ಬದಲಾಗಿದ್ದರೂ ಫಲ ಒಂದೇ. ಸ್ಟಾರ್ಟರ್, ಸಹಾಯವಾಣಿ, ಬ್ಯಾಂಕಿನ ದೂರವಾಣಿ ಸೇವೆ ಇವೆಲ್ಲವೂ ಇದೇ ಅಂಕಿಗಳನ್ನು ಕೇಳಿ ಕೆಲಸ ಮಾಡುತ್ತವೆ.

ನಾಲೆಗೆ ನೀರು ಬರುವ ಮೊದಲೇ ತೂಬು ತೆಗೆದು ಮುಚ್ಚಿದರೆ ಗದ್ದೆಗೆ ಹನಿ ನೀರೂ ಬೀಳುವುದಿಲ್ಲ. ಹಾಗೆಯೇ ಆ ತುದಿಯ ಯಂತ್ರ ಕೇಳಿಸಿಕೊಳ್ಳಲು ಸಿದ್ಧವಾಗುವ ಮೊದಲೇ ಅಂಕಿ ಹೋದರೆ ಅದು ವ್ಯರ್ಥ. ಆದುದರಿಂದಲೇ ಸಂಖ್ಯೆಗೂ ಅಂಕಿಗೂ ನಡುವೆ ವಿರಾಮ ಬೇಕಾಗುತ್ತದೆ.

ವಿರಾಮದಲ್ಲಿ ಎರಡು ಬಗೆ

1. ಅಲ್ಪವಿರಾಮ (,): ಇದಕ್ಕೆ ಫೋನಿನಲ್ಲಿ ‘ಪಾಜ್’ ಎಂದು ಹೆಸರು. ಆ ತುದಿಯವರು ಕರೆಯನ್ನು ತೆಗೆದುಕೊಂಡ ಮೇಲೆ ಫೋನು ಸುಮಾರು 2 ಸೆಕೆಂಡು ಸುಮ್ಮನಿದ್ದು, ನಂತರ ಮುಂದಿನ ಅಂಕಿಯನ್ನು ತಾನೇ ಕಳಿಸುತ್ತದೆ. ಹೆಚ್ಚು ಹೊತ್ತು ಕಾಯಬೇಕಾದರೆ ಅಷ್ಟು ಅಲ್ಪವಿರಾಮಗಳನ್ನು ಒಂದರ ಪಕ್ಕ ಒಂದು ಇಡಬೇಕು. ಮೂರು ಇಟ್ಟರೆ ಸುಮಾರು 6 ಸೆಕೆಂಡು. ಕೆಲವು ಫೋನುಗಳಲ್ಲಿ ಒಂದು ಅಲ್ಪವಿರಾಮಕ್ಕೆ 3 ಸೆಕೆಂಡು ಹಿಡಿಯುವುದೂ ಉಂಟು. ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಗೆ ಜೋಡಿಸುತ್ತಿದ್ದ 1980ರ ದಶಕದ ಮೋಡೆಮ್‌ಗಳಲ್ಲಿಯೂ ಅಲ್ಪವಿರಾಮಕ್ಕೆ ಇದೇ ಅರ್ಥವಿತ್ತು.

2. ಅರ್ಧವಿರಾಮ (;): ಇದಕ್ಕೆ ಫೋನಿನಲ್ಲಿ ‘ವೇಟ್’ ಎಂದು ಹೆಸರು. ಕರೆ ಸೇರಿದ ಮೇಲೆ ಫೋನು ಇಲ್ಲಿ ನಿಂತುಬಿಡುತ್ತದೆ. ಮುಂದಿನ ಅಂಕಿಯನ್ನು ಕಳಿಸಬೇಕೇ ಎಂದು ಪರದೆಯ ಮೇಲೆ ಕೇಳುತ್ತದೆ. ಫೋನ್ ಹಿಡಿದವರು ಒಪ್ಪಿಗೆಯ ಗುಂಡಿಯನ್ನು ಮುಟ್ಟಿದ ಮೇಲೆಯೇ ಅಂಕಿ ಹೋಗುತ್ತದೆ.

ಈ ಎರಡರ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೀರುಗಂಟಿಯು ಗದ್ದೆಯನ್ನು ಕಣ್ಣಿನಿಂದ ನೋಡಿ ತೂಬು ತೆಗೆಯುತ್ತಾನೆ. ಅಲ್ಪವಿರಾಮವಾದರೋ ಗಡಿಯಾರವನ್ನು ಮಾತ್ರ ನೋಡಿ ತೂಬು ತೆಗೆಯುವವನ ಹಾಗೆ. ಆ ತುದಿಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂಬುದು ಅದಕ್ಕೆ ಕೇಳುವುದಿಲ್ಲ. ಹೊತ್ತು ಎಣಿಸುವುದಷ್ಟೇ ಅದರ ಕೆಲಸ. ಅರ್ಧವಿರಾಮವು ತೀರ್ಮಾನವನ್ನು ಮನುಷ್ಯನ ಕೈಯಲ್ಲಿಯೇ ಉಳಿಸುತ್ತದೆ.

ಫೋನಿನಲ್ಲಿ ಉಳಿಸುವ ವಿಧಾನ

ಆಂಡ್ರಾಯ್ಡ್ ಫೋನು: ಡಯಲ್ ಮಾಡುವ ಅಂಕಿಗಳ ಪರದೆಯಲ್ಲಿ ಮೊದಲು ಪೂರ್ತಿ ಸಂಖ್ಯೆಯನ್ನು ಒತ್ತಬೇಕು. ಗೂಗಲ್‌ನ ಫೋನ್ ಆ್ಯಪ್ ಇರುವ ಹ್ಯಾಂಡ್‌ಸೆಟ್‌ಗಳಲ್ಲಿ ಆಗ ಮೂರು ಚುಕ್ಕೆಗಳ ಗುರುತು ಕಾಣುತ್ತದೆ. ಅದನ್ನು ಮುಟ್ಟಿದರೆ 2 ಸೆಕೆಂಡಿನ ವಿರಾಮವನ್ನು ಸೇರಿಸುವ ಸಾಲೂ, ವೇಟ್ ಸೇರಿಸುವ ಸಾಲೂ ಬರುತ್ತವೆ. ಬೇಕಾದುದನ್ನು ಆರಿಸಿ, ನಂತರ ಅಂಕಿಯನ್ನು ಒತ್ತಿ, ಹೆಸರು ಕೊಟ್ಟು ಉಳಿಸಬೇಕು. ಸ್ಯಾಮ್‌ಸಂಗ್ ಮೊದಲಾದ ಕಂಪನಿಗಳ ಫೋನುಗಳಲ್ಲಿ ಹೆಸರಿನ ಪಟ್ಟಿಗೆ ಹೋಗಿ, ಸಂಖ್ಯೆಯನ್ನು ತಿದ್ದುವಾಗ ಕೀಲಿಮಣೆಯ ಚಿಹ್ನೆಗಳ ಗುಂಡಿಯನ್ನು ಮುಟ್ಟಿದರೆ ಪಾಜ್ ಮತ್ತು ವೇಟ್ ಎರಡೂ ಸಿಗುತ್ತವೆ.

ಐಫೋನು: ಹೆಸರಿನ ಪಟ್ಟಿಯಲ್ಲಿ ಸಂಖ್ಯೆಯನ್ನು ತಿದ್ದುವಾಗ ಕೆಳಗಿನ ಎಡ ಮೂಲೆಯಲ್ಲಿ +*# ಎಂಬ ಗುಂಡಿ ಇರುತ್ತದೆ. ಅದನ್ನು ಮುಟ್ಟಿದರೆ ಪಾಜ್ ಮತ್ತು ವೇಟ್ ಕಾಣುತ್ತವೆ.

ಗುಂಡಿಗಳ ಹಳೆಯ ಫೋನು: ಇಂತಹ ಅನೇಕ ಫೋನುಗಳಲ್ಲಿ ನಕ್ಷತ್ರದ ಗುಂಡಿಯನ್ನು ಬೇಗ ಬೇಗ ಒತ್ತುತ್ತಾ ಹೋದರೆ ಮೊದಲು ಕೂಡುವ ಗುರುತು, ನಂತರ ಇಂಗ್ಲಿಷಿನ ‘ಪಿ’, ಆಮೇಲೆ ‘ಡಬ್ಲ್ಯು’ ಅಕ್ಷರ ಬರುತ್ತವೆ. ‘ಪಿ’ ಎಂದರೆ ಪಾಜ್, ‘ಡಬ್ಲ್ಯು’ ಎಂದರೆ ವೇಟ್.

ಉಳಿಸುವಾಗ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಸಿಮ್ ಕಾರ್ಡಿನಲ್ಲಿ ಉಳಿಸದೆ ಫೋನಿನಲ್ಲಿಯೇ ಉಳಿಸುವುದು ಒಳ್ಳೆಯದು. ಸಿಮ್‌ನಲ್ಲಿ ಉದ್ದದ ಸಾಲುಗಳು ಪೂರ್ತಿ ಹಿಡಿಸದೆ ಹೋಗಬಹುದು. ಎರಡನೆಯದಾಗಿ, ಮೂಲ ಸಂಖ್ಯೆಯನ್ನು ತಿದ್ದದೆ ಹೊಸ ಹೆಸರಿನಲ್ಲಿ ಬೇರೆಯಾಗಿ ಉಳಿಸಬೇಕು. ವಿರಾಮ ಸೇರಿದ ಸಂಖ್ಯೆ ಕೆಲಸ ಮಾಡದ ದಿನ ಬರಿಯ ಸಂಖ್ಯೆ ಕೈಗೆ ಸಿಗುವಂತಿರಬೇಕು.

ವಿರಾಮ ಎಷ್ಟು ಇಡಬೇಕು?

ಇದನ್ನು ಊಹೆಯಿಂದ ನಿರ್ಧರಿಸಬಾರದು. ಅಳೆದು ನೋಡಬೇಕು. ಅಳೆಯುವ ಕ್ರಮ ಹೀಗಿದೆ:

1. ಬೇಕಾದ ಸಂಖ್ಯೆಗೆ ಒಂದು ಸಲ ಕೈಯಿಂದಲೇ ಫೋನ್ ಮಾಡಿ, ಫೋನನ್ನು ದೊಡ್ಡ ದನಿಗೆ ಇಡಬೇಕು.

2. ರಿಂಗ್ ಆಗುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಆ ತುದಿಯಲ್ಲಿ ಕರೆ ತೆಗೆದುಕೊಂಡ ಕ್ಷಣದಿಂದ ಮಾತ್ರ ಫೋನು ವಿರಾಮವನ್ನು ಎಣಿಸುತ್ತದೆ. ಪರದೆಯ ಮೇಲೆ ಕರೆಯ ಸಮಯ ಓಡತೊಡಗುವುದೇ ಇದರ ಗುರುತು.

3. ‘ಇಂತಹ ಕೆಲಸಕ್ಕೆ ಇಂತಹ ಗುಂಡಿ ಒತ್ತಿ’ ಎಂಬ ಮಾತು ಮುಗಿಯುವ ಹೊತ್ತಿಗೆ ಎಷ್ಟು ಸೆಕೆಂಡು ಆಗಿದೆ ಎಂದು ಬರೆದುಕೊಳ್ಳಬೇಕು.

4. ಅದನ್ನು 2ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಮೇಲಿನ ಪೂರ್ಣ ಅಂಕಿಗೆ ಏರಿಸಿ, ಅದಕ್ಕೆ ಒಂದನ್ನು ಕೂಡಿಸಬೇಕು. ಮಾತು ಮುಗಿಯಲು 7 ಸೆಕೆಂಡು ಆದರೆ ಭಾಗಿಸಿದಾಗ ಮೂರೂವರೆ. ಅದನ್ನು ನಾಲ್ಕಕ್ಕೆ ಏರಿಸಿ ಒಂದು ಕೂಡಿಸಿದರೆ ಐದು ಅಲ್ಪವಿರಾಮ.

5. ಹೀಗೆ ಉಳಿಸಿದ ಸಂಖ್ಯೆಯನ್ನು ಮೂರು ಸಲ ಪರೀಕ್ಷಿಸಬೇಕು. ಮೂರು ಸಲವೂ ಸರಿಯಾಗಿ ನಡೆದರೆ ಮಾತ್ರ ನೆಚ್ಚಬಹುದು. ಅಂಕಿ ಬೇಗ ಹೋಗುತ್ತಿದ್ದರೆ ಒಂದು ಅಲ್ಪವಿರಾಮ ಹೆಚ್ಚಿಸಬೇಕು. ತಡವಾಗಿ ಹೋಗಿ ಕರೆಯೇ ಕಡಿದುಹೋಗುತ್ತಿದ್ದರೆ ಒಂದನ್ನು ಕಡಿಮೆ ಮಾಡಬೇಕು.

ಒಂದರ ಮೇಲೊಂದು ಎರಡು ಅಂಕಿ ಒತ್ತಬೇಕಾದ ಕಡೆ, ಉದಾಹರಣೆಗೆ ಮೊದಲು ಭಾಷೆಗೆ ಒಂದು ಅಂಕಿ, ನಂತರ ವಿಷಯಕ್ಕೆ ಒಂದು ಅಂಕಿ ಇದ್ದಲ್ಲಿ, ಪ್ರತಿ ಅಂಕಿಯ ಮೊದಲೂ ಹೀಗೆಯೇ ಬೇರೆ ಬೇರೆ ಅಳತೆ ಮಾಡಬೇಕು. ಪರೀಕ್ಷೆ ನಡೆಸುವಾಗ ಸ್ಟಾರ್ಟರಿನ ಬಳಿ ಒಬ್ಬರು ನಿಂತು ನೋಡುತ್ತಿರಬೇಕು. ಮೋಟಾರಿನ ಹತ್ತಿರ ಯಾರೂ ಇಲ್ಲವೆಂದು ಅವರೇ ಖಚಿತಪಡಿಸಬೇಕು.

ಮೊಬೈಲ್ ಸ್ಟಾರ್ಟರಿನ ರಚನೆ

ಪುಣೆಯ ಇಂಜಿನಿಯರ್ ಸಂತೋಷ್ ಓಸ್ತ್ವಾಲ್ ಅವರು ರೂಪಿಸಿದ ‘ನ್ಯಾನೋ ಗಣೇಶ್’ ಎಂಬ ಉಪಕರಣವು ನಮ್ಮ ದೇಶದಲ್ಲಿ ಈ ಬಗೆಯ ಸಾಧನಗಳ ಪೈಕಿ ಹೆಸರಾದುದು. ಈಗ ಅನೇಕ ಕಂಪನಿಗಳ ಮೊಬೈಲ್ ಸ್ಟಾರ್ಟರುಗಳು ಮಾರುಕಟ್ಟೆಯಲ್ಲಿವೆ. ರಚನೆ ಹೆಚ್ಚು ಕಡಿಮೆ ಒಂದೇ. ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲಿ ಸಣ್ಣ ಪೆಟ್ಟಿಗೆ, ಅದರೊಳಗೆ ಒಂದು ಸಿಮ್. ಕರೆ ಬಂದಾಗ ಪೆಟ್ಟಿಗೆಯು ತಾನೇ ಎತ್ತಿಕೊಂಡು, ಬಂದ ಅಂಕಿಯನ್ನು ಗುರುತಿಸಿ, ಸ್ಟಾರ್ಟರಿನ ಹಾಕುವ ಅಥವಾ ಆರಿಸುವ ಕೆಲಸವನ್ನು ಮಾಡುತ್ತದೆ. ಕರೆಂಟು ಇದೆಯೇ, ಮೂರೂ ಫೇಸ್ ಬಂದಿವೆಯೇ ಎಂದು ತಿಳಿಸುವ ಸೌಲಭ್ಯ ಹಲವುಗಳಲ್ಲಿದೆ. ಕರೆ ಮಾಡದೆ ಕೇವಲ ಆ್ಯಪ್‌ನಿಂದ ನಡೆಯುವ ಸ್ಟಾರ್ಟರುಗಳಿಗೆ ಈ ಲೇಖನದ ವಿಧಾನ ಅನ್ವಯಿಸುವುದಿಲ್ಲ.

ಕರೆಂಟು ಬಂದ ಕೂಡಲೇ ತಾನಾಗಿ ಓಡುವ ಆಟೋ ಸ್ಟಾರ್ಟರಿಗಿಂತ ಇದು ಒಂದು ದೃಷ್ಟಿಯಿಂದ ಮೇಲು. ಒಂದೇ ಟಿ.ಸಿ.ಯ ಮೇಲಿನ ಎಲ್ಲ ಮೋಟಾರುಗಳೂ ಕರೆಂಟು ಬಂದ ಕ್ಷಣದಲ್ಲಿಯೇ ಒಟ್ಟಿಗೆ ಹೊರಟರೆ ಟಿ.ಸಿ.ಯ ಮೇಲೆ ವಿಪರೀತ ಹೊರೆ ಬೀಳುತ್ತದೆ. ರೈತರು ಒಬ್ಬರ ನಂತರ ಒಬ್ಬರು ಫೋನಿನಿಂದ ಹಾಕಿದರೆ ಆ ಹೊರೆ ಹಂಚಿಹೋಗುತ್ತದೆ.

ಹಾಕಲು ಅರ್ಧವಿರಾಮ, ಆರಿಸಲು ಅಲ್ಪವಿರಾಮ

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹರಿಹರದ ಬಳಿ ನದಿಯ ದಂಡೆಯಲ್ಲಿ ಒಂದು ತೋಟವಿದೆ. ತಂದೆ ತೋಟದಲ್ಲಿ, ಮಗ ದಾವಣಗೆರೆ ನಗರದಲ್ಲಿ. ನಡುವೆ ಸುಮಾರು 14 ಕಿಲೋಮೀಟರ್ ದಾರಿ. ಸ್ಟಾರ್ಟರಿನ ಸಂಖ್ಯೆ ಮಗನ ಫೋನಿನಲ್ಲಿದೆ. ಬೆಳಿಗ್ಗೆ ಮೋಟಾರ್ ನೀರೆತ್ತಲಿಲ್ಲವೆಂದು ತಂದೆಯು ಪಂಪಿನ ಬಳಿ ಕುಳಿತು ಜೋಡಣೆಯನ್ನು ಬಿಚ್ಚಿದ್ದಾರೆ. ಕರೆಂಟು ಇಲ್ಲದ ಹೊತ್ತು ಎಂದು ಮೇನ್ ಸ್ವಿಚ್ ತೆಗೆದಿಲ್ಲ. ಮಗನಿಗೆ ಈ ವಿಷಯ ತಿಳಿದಿಲ್ಲ. ಅಷ್ಟರಲ್ಲಿ ಪಾಳಿಯ ಕರೆಂಟು ಬರುತ್ತದೆ. ಮಗನು ಬಸ್ಸಿನಲ್ಲಿ ನಿಂತಿರುವಾಗ ಜೇಬಿನಲ್ಲಿದ್ದ ಫೋನಿನ ಪರದೆ ತಗುಲಿ ‘ಮೋಟಾರ್ ಚಾಲು’ ಎಂಬ ಹೆಸರಿಗೆ ಕರೆ ಹೋಗುತ್ತದೆ. ಆ ಸಂಖ್ಯೆಯಲ್ಲಿ ಅಲ್ಪವಿರಾಮ ಇದ್ದರೆ, ಮಗನಿಗೆ ಗೊತ್ತಾಗುವ ಮೊದಲೇ ಅಂಕಿ ಹೋಗಿ ಮೋಟಾರ್ ತಿರುಗುತ್ತದೆ. ಅರ್ಧವಿರಾಮ ಇದ್ದರೆ ಫೋನು ಒಪ್ಪಿಗೆ ಕೇಳುತ್ತಾ ನಿಲ್ಲುತ್ತದೆ. ಒಪ್ಪಿಗೆ ಬರದಿದ್ದರೆ ಮೋಟಾರ್ ಓಡುವುದಿಲ್ಲ.

ಈ ಒಂದು ಚುಕ್ಕೆಯ ವ್ಯತ್ಯಾಸದಲ್ಲಿ ಒಂದು ಜೀವ ಉಳಿಯಬಹುದು. ಆದುದರಿಂದ ಈ ಕೆಳಗಿನ ನಿಯಮವನ್ನು ತಪ್ಪದೆ ಪಾಲಿಸಬೇಕು. ಸ್ಟಾರ್ಟರಿಗೆ 1 ಒತ್ತಿದರೆ ಚಾಲು, 2 ಒತ್ತಿದರೆ ಬಂದ್, 3 ಒತ್ತಿದರೆ ಸ್ಥಿತಿ ತಿಳಿಸುವುದು ಎಂದು ಇಟ್ಟುಕೊಂಡರೆ:

ಮೋಟಾರ್ ಚಾಲು — ಸ್ಟಾರ್ಟರಿನ ಸಂಖ್ಯೆ;1
ಮೋಟಾರ್ ಬಂದ್ — ಸ್ಟಾರ್ಟರಿನ ಸಂಖ್ಯೆ,,,,,2
ಮೋಟಾರ್ ಸ್ಥಿತಿ — ಸ್ಟಾರ್ಟರಿನ ಸಂಖ್ಯೆ,,,,,3

ಇಲ್ಲಿಯ ಅಂಕಿಗಳು ಉದಾಹರಣೆ ಮಾತ್ರ. ಒಂದೊಂದು ಕಂಪನಿಯ ಸ್ಟಾರ್ಟರಿಗೆ ಒಂದೊಂದು ಅಂಕಿ ಇರುವುದರಿಂದ ಅದರ ಜೊತೆ ಬಂದ ಪುಸ್ತಿಕೆಯನ್ನು ನೋಡಿಕೊಳ್ಳಬೇಕು. ಕೆಲವು ಸ್ಟಾರ್ಟರುಗಳಲ್ಲಿ ಹಾಕಲೂ ಆರಿಸಲೂ ಒಂದೇ ಅಂಕಿ ಇರುತ್ತದೆ. ಅಂತಹವುಗಳಿಗೆ ಅಲ್ಪವಿರಾಮವನ್ನು ಬಳಸಲೇಬಾರದು. ಆರಿಸಲು ಮಾಡಿದ ಕರೆಯೇ ಮೋಟಾರನ್ನು ಹಾಕಿಬಿಡಬಹುದು.

ತಪ್ಪಿ ಮೋಟಾರ್ ಆರಿದರೆ ಒಂದಿಷ್ಟು ಹೊತ್ತಿನ ನೀರು ಹೋದೀತು. ಅದನ್ನು ಮತ್ತೆ ಹಾಯಿಸಿಕೊಳ್ಳಬಹುದು. ತಪ್ಪಿ ಮೋಟಾರ್ ಓಡಿದರೆ ಆಗುವ ನಷ್ಟವನ್ನು ತುಂಬಿಕೊಳ್ಳಲು ಸಾಧ್ಯವಾಗದೆ ಹೋಗಬಹುದು. ಹಾಕುವುದಕ್ಕೂ ಆರಿಸುವುದಕ್ಕೂ ಬೇರೆ ಬೇರೆ ಚಿಹ್ನೆ ಇಡುವ ಕಾರಣ ಇದೇ.

ಪಾಲಿಸಬೇಕಾದ ಎಚ್ಚರಿಕೆಗಳು

1. ಪಂಪು, ಮೋಟಾರ್, ವೈರು, ಫುಟ್‌ವಾಲ್ವ್ ಇವುಗಳ ಯಾವುದೇ ಕೆಲಸಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫೋನಿನಿಂದ ಆರಿಸಿದ ಮೋಟಾರ್ ನಿಂತಿರುತ್ತದೆಯೇ ಹೊರತು ಕರೆಂಟಿನಿಂದ ಬೇರ್ಪಟ್ಟಿರುವುದಿಲ್ಲ. ‘ಬಂದ್ ಆಗಿದೆ’ ಎಂದು ಫೋನಿನಲ್ಲಿ ಕೇಳಿದ ಮಾತು ಮುಟ್ಟಲು ಅನುಮತಿಯಲ್ಲ.

2. ಸ್ಟಾರ್ಟರಿನ ಸಂಖ್ಯೆ ಮನೆಯ ಎಷ್ಟು ಜನರ ಫೋನಿನಲ್ಲಿದೆ ಎಂಬುದು ಮನೆಯ ಎಲ್ಲರಿಗೂ ತಿಳಿದಿರಬೇಕು. ತೋಟದಲ್ಲಿ ಇರುವವರು ‘ನಾನು ಹೊರಗೆ ಬಂದಿದ್ದೇನೆ, ಈಗ ಹಾಕು’ ಎಂದು ಫೋನಿನಲ್ಲಿ ಹೇಳಿದ ಮೇಲೆಯೇ ಹಾಕುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು.

3. ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಹೆಸರನ್ನು ಮುಖಪರದೆಯ ಮೇಲೆ ಗುಂಡಿಯಂತೆ ಇಟ್ಟು ಒಮ್ಮೆ ಮುಟ್ಟಿದರೆ ಕರೆ ಹೋಗುವಂತೆ ಮಾಡಬಹುದು. ಬಂದ್ ಮಾಡುವ ಸಂಖ್ಯೆಯನ್ನು ಹೀಗೆ ಇಟ್ಟುಕೊಳ್ಳಬಹುದು. ಚಾಲು ಮಾಡುವ ಸಂಖ್ಯೆಯನ್ನು ಇಡಬಾರದು. ಮಕ್ಕಳು ಆಟಕ್ಕೆ ಫೋನ್ ಹಿಡಿಯುವ ಮನೆಗಳಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ.

4. ಅನೇಕ ಸ್ಟಾರ್ಟರುಗಳು ನೋಂದಾಯಿಸಿದ ಸಂಖ್ಯೆಗಳಿಂದ ಬಂದ ಕರೆಯನ್ನು ಮಾತ್ರ ಒಪ್ಪುತ್ತವೆ. ಎರಡು ಸಿಮ್ ಇರುವ ಫೋನಿನಲ್ಲಿ ನೋಂದಾಯಿಸಿದ ಸಿಮ್‌ನಿಂದಲೇ ಕರೆ ಹೋಗುವಂತೆ ನೋಡಿಕೊಳ್ಳಬೇಕು. ಈ ನೋಂದಣಿಯ ಸೌಲಭ್ಯವಿದ್ದರೆ ತಪ್ಪದೆ ಬಳಸಬೇಕು. ಇಲ್ಲವಾದರೆ ತಪ್ಪು ಸಂಖ್ಯೆಗೆ ಬಂದ ಕರೆಯೂ ಮೋಟಾರನ್ನು ತಲುಪಬಹುದು.

5. ಸ್ಟಾರ್ಟರ್ ಕರೆಯನ್ನು ತೆಗೆದುಕೊಳ್ಳದಿದ್ದರೆ ಮೋಟಾರ್ ನಿಂತಿದೆ ಎಂದು ತಿಳಿಯಬಾರದು. ಸಿಗ್ನಲ್ ಇಲ್ಲದಿರಬಹುದು, ಸಿಮ್‌ನ ರೀಚಾರ್ಜ್ ಮುಗಿದಿರಬಹುದು. ಅಂತಹ ಸಮಯದಲ್ಲಿ ಸ್ಥಳಕ್ಕೆ ಹೋಗಿ ನೋಡುವುದೇ ಸರಿ.

ಸಹಾಯವಾಣಿಗಳಿಗೆ ಬಳಕೆ

ಕೇಂದ್ರ ಸರ್ಕಾರವು 2004ರ ಜನವರಿ 21ರಂದು ಆರಂಭಿಸಿದ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10 ಗಂಟೆಯವರೆಗೆ ಬೆಳೆ, ರೋಗ, ಕೀಟ ಮೊದಲಾದ ವಿಷಯಗಳಿಗೆ ಇಲ್ಲಿ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಕರೆಂಟಿನ ದೂರುಗಳಿಗೆ 1912. ದಾವಣಗೆರೆ ಜಿಲ್ಲೆಯು ಬೆಸ್ಕಾಂ ವ್ಯಾಪ್ತಿಗೆ ಸೇರಿರುವುದರಿಂದ ಟಿ.ಸಿ. ಸುಟ್ಟಾಗ, ತಂತಿ ಹರಿದು ಬಿದ್ದಾಗ ಈ ಸಂಖ್ಯೆಗೆ ತಿಳಿಸಬೇಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಸಹಾಯವಾಣಿ 14447. ಆಲಿಕಲ್ಲು, ಪ್ರವಾಹದಂತಹ ಸ್ಥಳೀಯ ವಿಕೋಪದಿಂದ ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಗಳ ಒಳಗೆ ತಿಳಿಸಬೇಕೆಂಬ ನಿಯಮವಿದೆ. ತುಂಗಭದ್ರೆ ತುಂಬಿ ದಂಡೆಯ ಗದ್ದೆಗಳಿಗೆ ನೀರು ನುಗ್ಗಿದ ದಿನ ಸಂಖ್ಯೆ ಹುಡುಕುತ್ತಾ ಕೂರುವುದಕ್ಕಿಂತ ಮೊದಲೇ ಉಳಿಸಿಟ್ಟುಕೊಳ್ಳುವುದು ಲೇಸು.

ಇಂತಹ ಸಹಾಯವಾಣಿಗಳಲ್ಲಿ ಭಾಷೆ ಅಥವಾ ವಿಷಯವನ್ನು ಆರಿಸಲು ಗುಂಡಿ ಒತ್ತಬೇಕಾಗಿ ಬಂದರೆ ಅರ್ಧವಿರಾಮವೇ ಉತ್ತಮ. ಅಲ್ಲಿಯ ಧ್ವನಿಯ ಪಟ್ಟಿಯು ಆಗಾಗ ಬದಲಾಗಬಹುದು. ಕಳೆದ ವರ್ಷ ಕನ್ನಡಕ್ಕಿದ್ದ ಅಂಕಿ ಈ ವರ್ಷ ಬೇರೆ ಭಾಷೆಗೆ ಹೋಗಿರಬಹುದು. ಅಲ್ಪವಿರಾಮಕ್ಕೆ ಈ ಬದಲಾವಣೆ ತಿಳಿಯುವುದಿಲ್ಲ. ಅರ್ಧವಿರಾಮ ಇಟ್ಟರೆ ಪಟ್ಟಿಯನ್ನು ಕಿವಿಯಿಂದ ಕೇಳಿ ಒಪ್ಪಿಗೆ ಕೊಡಬಹುದು. ಮುಂಗಾರಿಗೆ ಮೊದಲು ಒಂದು ಸಲ, ಹಿಂಗಾರಿಗೆ ಮೊದಲು ಒಂದು ಸಲ ಉಳಿಸಿದ ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸುವ ಅಭ್ಯಾಸ ಇಟ್ಟುಕೊಳ್ಳಬೇಕು. ಕೂರಿಗೆ, ಕುಂಟೆಗಳನ್ನು ಹೊರತೆಗೆದು ನೋಡುವ ದಿನವೇ ಇದಕ್ಕೂ ಆಗಬಹುದು.

ಉಳಿಸಬಾರದ ಅಂಕಿಗಳು

ಬ್ಯಾಂಕಿನ ದೂರವಾಣಿ ಸೇವೆಯಲ್ಲಿ ಖಾತೆಯ ಸಂಖ್ಯೆ, ಕಾರ್ಡಿನ ಸಂಖ್ಯೆ, ಗುಪ್ತ ಸಂಖ್ಯೆ ಇವುಗಳನ್ನು ಒತ್ತಲು ಕೇಳುತ್ತಾರೆ. ವಿರಾಮ ಸೇರಿಸಿ ಇವುಗಳನ್ನೂ ಉಳಿಸಿಬಿಟ್ಟರೆ ಸುಲಭವೆಂದು ಕೆಲವರಿಗೆ ತೋರಬಹುದು. ಹಾಗೆ ಎಂದಿಗೂ ಮಾಡಬಾರದು. ಹೆಸರಿನ ಪಟ್ಟಿಯು ಬೀಗವಿಲ್ಲದ ಪೆಟ್ಟಿಗೆ. ಫೋನ್ ತೆರೆದವರಿಗೆಲ್ಲ ಅದು ಕಾಣುತ್ತದೆ. ಅನುಮತಿ ಪಡೆದ ಆ್ಯಪ್‌ಗಳು ಅದನ್ನು ಓದುತ್ತವೆ. ಒಂದು ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿದಾಗ ಅದರ ಜೊತೆ ಉಳಿಸಿದ ಅಂಕಿಗಳೂ ಹೋಗಬಹುದು. ಎ.ಟಿ.ಎಂ. ಪಿನ್, ಯು.ಪಿ.ಐ. ಪಿನ್, ಆಧಾರ್ ಸಂಖ್ಯೆ ಇವು ಯಾವುವೂ ಅಲ್ಲಿ ಇರಬಾರದು. ಬ್ಯಾಂಕಿನ ಸಂಖ್ಯೆಗೆ ಭಾಷೆ ಆರಿಸುವವರೆಗಿನ ಅಂಕಿಯನ್ನು ಮಾತ್ರ ಉಳಿಸಿ, ಉಳಿದುದನ್ನು ಕೈಯಿಂದಲೇ ಒತ್ತಬೇಕು. ಅಪರಿಚಿತರು ಫೋನಿನಲ್ಲಿ ಹೇಳಿ ಬರೆಸುವ ನಕ್ಷತ್ರ ಮತ್ತು ಅಂಕಿಗಳ ಸಾಲನ್ನು ಉಳಿಸುವುದಾಗಲಿ, ಡಯಲ್ ಮಾಡುವುದಾಗಲಿ ಸಲ್ಲದು.

ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು ಮತ್ತು ಪರಿಹಾರ

ಅಂಕಿ ಹೋದರೂ ಕೆಲಸ ಆಗುವುದಿಲ್ಲ: ಆ ತುದಿಯ ಮಾತು ಮುಗಿಯುವ ಮೊದಲೇ ಅಂಕಿ ಹೋಗಿರಬಹುದು. ಅಲ್ಪವಿರಾಮವನ್ನು ಹೆಚ್ಚಿಸಬೇಕು.

ಒಪ್ಪಿಗೆಯ ಪ್ರಶ್ನೆ ಕಾಣುವುದಿಲ್ಲ: ಫೋನನ್ನು ಕಿವಿಗೆ ಹಿಡಿದಾಗ ಪರದೆ ಆರಿರುತ್ತದೆ. ದೊಡ್ಡ ದನಿಗೆ ಇಟ್ಟು ಮುಖದ ಎದುರು ಹಿಡಿಯಬೇಕು.

ವಾಟ್ಸ್‌ಆ್ಯಪ್ ಕರೆಯಲ್ಲಿ ನಡೆಯುವುದಿಲ್ಲ: ಈ ವಿಧಾನ ಸಾಮಾನ್ಯ ಫೋನ್ ಕರೆಗೆ ಮಾತ್ರ ಅನ್ವಯಿಸುತ್ತದೆ.

ಹೊಸ ಫೋನಿನಲ್ಲಿ ಸರಿಯಾಗಿ ನಡೆಯುವುದಿಲ್ಲ: ಹಳೆಯ ಫೋನಿನಲ್ಲಿ 3 ಸೆಕೆಂಡಿನ ವಿರಾಮ, ಹೊಸದರಲ್ಲಿ 2 ಸೆಕೆಂಡು ಇರಬಹುದು. ಫೋನ್ ಬದಲಿಸಿದಾಗಲೆಲ್ಲ ಮೇಲೆ ತಿಳಿಸಿದಂತೆ ಮತ್ತೆ ಅಳೆಯಬೇಕು. ಸಂಖ್ಯೆಗಳನ್ನು ಸಾಗಿಸುವಾಗ ಚಿಹ್ನೆ ಬಿಟ್ಟುಹೋಗಿದೆಯೇ ಎಂದೂ ನೋಡಬೇಕು. ಮುಖ್ಯವಾಗಿ ಚಾಲು ಮಾಡುವ ಸಂಖ್ಯೆಯಲ್ಲಿ ಅರ್ಧವಿರಾಮ ಹಾಗೆಯೇ ಇದೆ ಎಂದು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು.

ಮನೆಯಲ್ಲಿ ಫೋನಿನ ಬಳಕೆ ಬಲ್ಲ ಮಗನೋ ಮಗಳೋ ಇದ್ದರೆ ಈ ಕೆಲಸ ಅರ್ಧ ಗಂಟೆಯದು. ಉಳಿಸಿ ಕೊಟ್ಟವರು ಹಿರಿಯರಿಗೆ ಎರಡು ಮಾತು ತಿಳಿಸಿ ಹೇಳಬೇಕು: ಬಂದ್ ಮಾಡುವುದು ಫೋನಿಗೆ ಬಿಟ್ಟದ್ದು, ಚಾಲು ಮಾಡುವುದು ತಮಗೆ ಸೇರಿದ್ದು. ಸ್ಟಾರ್ಟರ್ ಅಳವಡಿಸುವಾಗ ಅನುಭವವುಳ್ಳ ಎಲೆಕ್ಟ್ರೀಷಿಯನ್ನರ ಸಹಾಯ ಪಡೆದು, ಅರ್ಥಿಂಗ್ ಸರಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಬೆಳೆಗೆ ಎಷ್ಟು ನೀರು, ಯಾವಾಗ ಕೊಡಬೇಕು ಎಂಬ ವಿಷಯಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಕತ್ತಲೆಯಲ್ಲಿ ಬದುವಿನ ಮೇಲೆ ನಡೆಯುವ ಅಪಾಯವನ್ನು ಮೊಬೈಲ್ ಸ್ಟಾರ್ಟರ್ ತಪ್ಪಿಸಿದೆ. ಆ ಅಪಾಯದ ಬದಲಿಗೆ ಇನ್ನೊಂದನ್ನು ಮನೆಗೆ ತರದಂತೆ ನೋಡಿಕೊಳ್ಳುವುದು ಅದನ್ನು ಬಳಸುವವರ ಕೈಯಲ್ಲಿದೆ. ರೈತ ಬಾಂಧವರು ಈ ಸಲದ ಬೆಳೆಗೆ ನೀರು ಹಾಯಿಸಲು ಆರಂಭಿಸುವ ಮೊದಲೇ ತಮ್ಮ ಫೋನಿನಲ್ಲಿರುವ ಸ್ಟಾರ್ಟರಿನ ಸಂಖ್ಯೆಯನ್ನು ತೆರೆದು, ‘ಚಾಲು’ ಎಂಬ ಹೆಸರಿನ ಮುಂದೆ ಯಾವ ಚಿಹ್ನೆ ಇದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.